ಮಣ್ಣಿಗೆ ಹೆಪ್ಪು

ಉಚ್ಚೆಂಗಪ್ಪ ಮೇಷ್ಟ್ರು ಕುದಿಸದೆ ಯಾವುದನ್ನೂ ನಂಬಿದವರಲ್ಲ. ನೀರು, ಹಾಲು, ಕ್ಷೌರದ ಕತ್ತಿ, ಪ್ರಯೋಗಶಾಲೆಯ ಗಾಜಿನ ಬಟ್ಟಲು, ಇವೆಲ್ಲ ಯಾರಿಗಾದರೂ ಅರ್ಥವಾಗುವಂಥವು. ಆದರೆ ಪೇಟೆಯಲ್ಲಿ ಪರಿಚಿತರೊಬ್ಬರು ಎದುರು ನಿಂತು, ಹತ್ತಿಯ ಧಾರಣೆ ಏರುವುದಂತೆ, ಭದ್ರಾ ನಾಲೆಯ ನೀರು ಬರುವ ವರ್ಷ ನಮ್ಮ ಕಡೆಗೂ ಹರಿಯುವುದಂತೆ ಎಂದು ಸುದ್ದಿ ಹೇಳಿದರೂ ಅವರು ತಲೆಯನ್ನು ತುಸು ಎಡಕ್ಕೆ ವಾಲಿಸಿ, ಕನ್ನಡಕದ ಮೇಲಂಚಿನಿಂದ ಆತನನ್ನು ದಿಟ್ಟಿಸಿ, "ಕುದ್ದೈತೇನ್ರಿ ಇದು?" ಎಂದು ಕೇಳುತ್ತಿದ್ದರು. ಹೊಸಬರು ತಬ್ಬಿಬ್ಬಾಗುತ್ತಿದ್ದರು, ಬಲ್ಲವರು, "ಇನ್ನೂ ಬೆಚ್ಚಗಾಗೇತಷ್ಟೇ ಮೇಷ್ಟ್ರೆ" ಎಂದು ಉತ್ತರಿಸಿ ಮುಂದೆ ಸಾಗುತ್ತಿದ್ದರು.

ಅವರದೊಂದು ಬೂದು ಬಣ್ಣದ ಮುಚ್ಚುಕೊರಳಿನ ಕೋಟು. ಭಾನುವಾರಕ್ಕೊಮ್ಮೆ ಅದೂ ಬಚ್ಚಲ ಹಂಡೆಯಲ್ಲಿ ಕುದಿಯುತ್ತಿದ್ದುದರಿಂದ ವರ್ಷದಿಂದ ವರ್ಷಕ್ಕೆ ಕುಗ್ಗಿ, ನಾನು ಅವರನ್ನು ಕಂಡ ಕಾಲಕ್ಕೆ ಅದರ ತೋಳುಗಳು ಮಣಿಕಟ್ಟನ್ನು ಬಿಟ್ಟು ಮೊಣಕೈಯ ಕಡೆಗೆ ಪ್ರಯಾಣ ಹೊರಟಿದ್ದವು. ದಾರಿಯಲ್ಲಿ ಏನಾದರೂ ಕೈಗೆ ತಾಗೀತೆಂಬ ಎಚ್ಚರದಿಂದ ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿ, ತುಂಬಿದ ಕೊಡ ಹೊತ್ತವರಂತೆ ಮೆಲ್ಲಗೆ, ಬೀದಿಯ ನಟ್ಟನಡುವೆ ಅವರು ನಡೆಯುತ್ತಿದ್ದ ರೀತಿಯನ್ನು ಕಂಡು ಎತ್ತಿನ ಗಾಡಿಗಳೂ ಸ್ವಯಂಪ್ರೇರಣೆಯಿಂದ ಪಕ್ಕಕ್ಕೆ ಸರಿಯುತ್ತಿದ್ದವು. ವಿದ್ಯಾರ್ಥಿಗಳನ್ನೂ, ಕಸ ಗುಡಿಸಲು ಬರುವ ಹೆಂಗಸನ್ನೂ ಅವರು 'ರಿ' ಹಚ್ಚಿಯೇ ಮಾತಾಡಿಸುತ್ತಿದ್ದರು. ದಾವಣಗೆರೆಯ ಕಾಲೇಜೊಂದರಲ್ಲಿ ಅವರು ಸಸ್ಯಶಾಸ್ತ್ರ ಹೇಳುತ್ತಿದ್ದರು, ನಾನು ಇತಿಹಾಸ. ನಿಟ್ಟುವಳ್ಳಿಯಲ್ಲಿ ನಮ್ಮ ಮನೆಗೂ ಅವರ ಮನೆಗೂ ನಡುವೆ ಇದ್ದದ್ದು ಒಂದು ಮೋಟುಗೋಡೆ ಮಾತ್ರ.

ಈ ಕುದಿಸುವ ನಿಷ್ಠೆಯ ಮೂಲ ಅವರ ಹುಟ್ಟೂರಾದ ಹರಿಹರದಲ್ಲಿತ್ತು. ಒಮ್ಮೆ ರಜೆಯ ದಿನ ಇಬ್ಬರೂ ರೈಲಿನಲ್ಲಿ ಅಲ್ಲಿಗೆ ಹೋಗಿದ್ದೆವು. ತುಂಗಭದ್ರೆ ಬೇಸಗೆಯ ಬಂಡೆಗಳ ನಡುವೆ ಸಣ್ಣಗೆ ಹರಿಯುತ್ತಿದ್ದಳು. ಮೇಷ್ಟ್ರು ಮೆಟ್ಟಿಲ ಮೇಲೆ ನಿಂತರೇ ಹೊರತು ನೀರಿಗೆ ಕಾಲಿಡಲಿಲ್ಲ. "ನಾನೂ ನಮ್ಮಣ್ಣನೂ ಇಲ್ಲೇ ಬೊಗಸೆ ಒಡ್ಡಿ ನೀರು ಕುಡಿದ್ವಿ. ಆ ವರ್ಷ ಊರಾಗೆ ವಾಂತಿಭೇದಿ ಇತ್ತು. ಅವ ಹೋದ, ನಾನು ಉಳಿದೆ" ಎಂದರು. ಆಮೇಲೆ, "ಒಂದು ಚೊಂಬು ನೀರು ಕಾಯಿಸೋಕೆ ಎಷ್ಟು ಸೌದೆ ಬೇಕು ಹೇಳ್ರಿ?" ಎಂದು ಕೇಳಿದರು. ಅದು ನನ್ನನ್ನು ಕೇಳಿದ ಪ್ರಶ್ನೆಯಾಗಿರಲಿಲ್ಲ. ಅಂದಿನಿಂದ ಅವರ ಕುದಿಸುವಿಕೆಯನ್ನು ಕುರಿತು ಕಾಲೇಜಿನಲ್ಲಿ ನಡೆಯುತ್ತಿದ್ದ ಹಾಸ್ಯದಲ್ಲಿ ನಾನು ಪಾಲುಗೊಳ್ಳಲಿಲ್ಲ. ಅದು ಶುಚಿತ್ವದ ಗೀಳಲ್ಲ, ತೀರಿಹೋದವನ ಹೆಸರಿನಲ್ಲಿ ತೊಟ್ಟ ವ್ರತವೆಂದು ನನಗೆ ತಿಳಿದಿತ್ತು.

ಆ ವ್ರತ ಮಣ್ಣಿನವರೆಗೂ ಹೋದದ್ದು ಆವರಗೆರೆಯ ಕೆಂಚಕ್ಕನಿಂದ. ಆಕೆ ನಿಟ್ಟುವಳ್ಳಿಯ ಮನೆಮನೆಗೆ ನಿಂಬೆಹಣ್ಣು ತಂದು ಮಾರುತ್ತಿದ್ದಳು. ಹಿತ್ತಿಲಲ್ಲಿದ್ದ ಒಂದೇ ಒಂದು ಮುದಿ ಗಿಡದ ಹಣ್ಣು. ಆದರೆ ರಸ, ತೆಳುಸಿಪ್ಪೆ, ಪರಿಮಳಗಳಲ್ಲಿ ಅದಕ್ಕೆ ಸಮನಾದದ್ದು ನಮ್ಮ ಪೇಟೆಯಲ್ಲಿರಲಿಲ್ಲ. ಗಂಡ ತೀರಿಕೊಂಡ ಮೇಲೆ ಅವನ ಪಾಲಿನ ಹೊಲದಲ್ಲಿ ಬಾವಿ ತೋಡಿಸಿ, ಆ ಗಿಡದ ಬೀಜದಿಂದಲೇ ಒಂದು ತೋಟ ಮಾಡಬೇಕೆಂದು ಆಕೆ ಹಟ ತೊಟ್ಟಿದ್ದಳು. ಮೈದುನ ಬೊಮ್ಮಣ್ಣನಿಗೆ ಅದು ಹುಚ್ಚಾಟವಾಗಿ ಕಂಡಿತ್ತು. ಮೂರು ಮುಂಗಾರಿನೊಳಗೆ ಹೊಲದಲ್ಲಿ ಗಿಡ ನಿಂತರೆ ಅದು ಅತ್ತಿಗೆಯದು, ಇಲ್ಲವಾದರೆ ತಾನೇ ಜೋಳ ಬಿತ್ತಿ ಆಕೆಗೆ ಕಾಳು ಅಳೆಯುವುದು ಎಂದು ಅವನು ಹಿರಿಯರ ಎದುರು ಮಾತು ಕಟ್ಟಿದ್ದ. ಎರಡು ಮುಂಗಾರು ಆಗಲೇ ವ್ಯರ್ಥವಾಗಿದ್ದವು. ಮಡಿಯಲ್ಲಿ ಹುಟ್ಟಿದ ಸಸಿಗಳೆಲ್ಲ ಬೆರಳುದ್ದವಾಗುವಷ್ಟರಲ್ಲಿ ಬುಡ ಕೊಳೆತು, ಕತ್ತರಿಸಿ ಹಾಕಿದಂತೆ ಮಲಗಿಬಿಡುತ್ತಿದ್ದವು.

"ಜೋಳದ ಕಾಳಿಗೆ ಕೈ ಒಡ್ಡೋ ಪೈಕಿ ನಾನಲ್ಲ ಮೇಷ್ಟ್ರೆ. ಏನರ ಔಷಧಿ ಐತಾ?" ಎಂದು ಆಕೆ ಬುಟ್ಟಿ ಇಳಿಸಿ ಕೇಳಿದ ದಿನ ನಾನು ಗೋಡೆಯ ಈಚೆಗಿದ್ದೆ.

"ಮಣ್ಣಾಗೆ ರೋಗ ಐತ್ರಿ ಕೆಂಚಕ್ಕ. ಕುದಿಸಿದ್ರೆ ಹೋಗ್ತೈತೆ. ಬೀಜ ತಂದುಕೊಡ್ರಿ, ಸಸಿ ನಾನು ಮಾಡಿಕೊಡ್ತೀನಿ" ಎಂದರು ಮೇಷ್ಟ್ರು.

ಅವರು ಆಡಿದ್ದನ್ನು ಮಾಡುವವರು. ತಮ್ಮ ಹಿತ್ತಿಲಲ್ಲಿ ಉದ್ದನೆಯ ಸಸಿಮಡಿಯೊಂದನ್ನು ಅಳೆದು, ಅದರ ಮಣ್ಣನ್ನೆಲ್ಲ ಅಗೆಸಿ, ಮೊದಲು ಬಚ್ಚಲ ಹಂಡೆಯಲ್ಲಿ ಕಡ್ಡಿಗಳ ಮೇಲೆ ಗೋಣಿತಾಟು ಹಾಸಿ, ಕಡುಬಿನಂತೆ ಬೇಯಿಸತೊಡಗಿದರು. ಅವರ ಪತ್ನಿ ಹಂಪವ್ವನವರು ನಮ್ಮ ಮನೆಯಾಕೆಯನ್ನು ಗೋಡೆಯ ಮೇಲಿಂದ ಕರೆದು, "ಇವತ್ತು ನಮ್ಮನಿಯಾಗೆ ಮಣ್ಣಿನ ಕಡುಬು. ತುಪ್ಪ ಐತಾ ನಿಮ್ಮಲ್ಲಿ?" ಎಂದರು. ಹಂಡೆಯಿಂದ ಕೆಲಸ ಸಾಗದೆ ಹೋದಾಗ ಮೇಷ್ಟ್ರು ಜಿನ್ನಿಂಗ್ ಕಾರ್ಖಾನೆಯೊಂದರ ಬಾಯ್ಲರ್ ನೋಡಿಕೊಳ್ಳುತ್ತಿದ್ದ ಅಬ್ದುಲ್ ರಹೀಮನನ್ನು ಹಿಡಿದರು. ಗಾಡಿಯ ತುಂಬ ಮಣ್ಣು ಹೇರಿ, ಗೋಣಿ ಹೊದಿಸಿ, ಕೊಳವೆಯಿಂದ ಉಗಿ ಬಿಡುತ್ತ ರಹೀಮ ಗಂಭೀರವಾಗಿ ಹೇಳಿದ: "ಬಿರಿಯಾನಿ ಗೋಷ್ತಿಗೆ ದಮ್ ಕೊಡೋದು ನೋಡೀನಿ ಸಾಹೇಬ್ರೆ. ಮಣ್ಣಿಗೆ ದಮ್ ಕೊಡೋರು ನೀವೇ ಪೈಲಾ."

ಹೀಗೆ ಬೆಂದ ಮಣ್ಣು ತಣಿದು ಮಡಿಗೆ ಮರಳಿತು. ನಮ್ಮ ಮಾತಿನಲ್ಲಿ ಸಸಿ ಬೆಳೆಸುವ ಪಾತಿಗೂ ಮಡಿಯೆಂದೇ ಹೆಸರು, ಮೈಲಿಗೆಯಲ್ಲದ್ದಕ್ಕೂ ಮಡಿಯೆಂದೇ ಹೆಸರು. ನಿಟ್ಟುವಳ್ಳಿಯ ಜನ ಎರಡನ್ನೂ ಕೂಡಿಸಿ ಅದನ್ನು 'ಮೇಷ್ಟ್ರ ಮಡಿ' ಎಂದು ಕರೆದರು. ಸುತ್ತ ಸುಣ್ಣದ ಗೆರೆ, ಅಂಚಿನಲ್ಲಿ ಕಾಯಿಸಿದ ನೀರಿನ ಬಾನಿ. ಕಾಲು ತೊಳೆಯದೆ ಗೆರೆ ದಾಟುವಂತಿರಲಿಲ್ಲ. ನಿಂಬೆಯ ಬೀಜ ಮೊಳೆತದ್ದೇ ತಡ, ಸಸಿಗಳು ಪೈಪೋಟಿಗೆ ಬಿದ್ದಂತೆ ಮೇಲೆದ್ದವು. ಒಂದರ ಬುಡವೂ ಕೊಳೆಯಲಿಲ್ಲ. ಎಲೆಗಳು ಕಪ್ಪೆನಿಸುವಷ್ಟು ಹಸಿರು. ಉಗಿಯ ಶಾಖಕ್ಕೆ ಮಣ್ಣಿನಲ್ಲಿ ಅಡಗಿದ್ದ ಸಾರಜನಕ ಒಮ್ಮೆಲೇ ಬಿಡುಗಡೆಯಾಗುವುದೆಂದು ಮೇಷ್ಟ್ರು ವಿವರಿಸಿದರು. ಆನಗೋಡಿನಿಂದಲೂ ಜನ ಬಂದು, ಕಾಲು ತೊಳೆದು, ಕೈ ಮುಗಿದು ನೋಡಿ ಹೋದರು. ಕೆಂಚಕ್ಕ ವಾರಕ್ಕೊಮ್ಮೆ ಬರುತ್ತಿದ್ದಳು. ಬಂದಾಗಲೆಲ್ಲ ಹೊಲದಲ್ಲಿ ಇನ್ನಷ್ಟು ಗುಂಡಿ ತೆಗೆಸಿದ ಸುದ್ದಿ ಹೇಳುತ್ತಿದ್ದಳು.

ಮಳೆಗಾಲ ಕಳೆದು ಚಳಿ ಬಿದ್ದಾಗ ಸಸಿಗಳು ನಿಂತಲ್ಲೇ ನಿಂತವು. ಮೊದಮೊದಲು ಚಳಿಯ ಜಡವೆಂದುಕೊಂಡೆವು. ಸಂಕ್ರಾಂತಿ ಕಳೆದರೂ ಕುಡಿ ಅಲ್ಲಾಡಲಿಲ್ಲ. ಎಲೆಗಳ ಹಸಿರು ಮಾಸಿ ಕಂಚಿನ ಬಣ್ಣ ಕವಿಯಿತು. ರೋಗವಿಲ್ಲ, ಹುಳುವಿಲ್ಲ, ನೀರಿಗೆ ಕೊರತೆಯಿಲ್ಲ. ಆದರೂ ತುಂಬಿದ ಪಂಕ್ತಿಯಲ್ಲಿ ಕುಳಿತು ಹಸಿದವರಂತೆ ಅವು ಬಾಡಿದ್ದವು. ಮೇಷ್ಟ್ರು ಕೃಷಿ ಇಲಾಖೆಯ ಪರಿಚಿತ ಅಧಿಕಾರಿಯೊಬ್ಬರಿಂದ ಮಣ್ಣು ಪರೀಕ್ಷೆ ಮಾಡಿಸಿದರು. ಬೇರಿಗೂ ಬೆಳವಣಿಗೆಗೂ ಬೇಕಾದ ರಂಜಕ ಪಕ್ಕದ ಹಸಿ ಮಣ್ಣಿನಲ್ಲಿ ಎಷ್ಟಿತ್ತೋ ಇಲ್ಲಿಯೂ ಅಷ್ಟೇ ಇತ್ತು. "ಉಣ್ಣೋಕೆ ಐತೆ. ಉಣ್ಣಂಗಿಲ್ಲ ಇವು" ಎನ್ನುತ್ತ ಅವರು ಮಡಿಯ ಸುತ್ತ ಸುತ್ತುತ್ತಿದ್ದರು. ಗಾಡಿ ಹೂಡಿಕೊಂಡು ಪೇಟೆಗೆ ಬಂದ ಬೊಮ್ಮಣ್ಣ ಒಮ್ಮೆ ಗೋಡೆಯಾಚೆಯಿಂದಲೇ ಇಣುಕಿ, "ಚೆಂದ ಬೆಂದಾವೆ ಬಿಡ್ರಿ ಮೇಷ್ಟ್ರೆ. ಇನ್ನು ಒಗ್ಗರಣೆ ಒಂದು ಬಾಕಿ" ಎಂದು ಹೋದ. ಮೇಷ್ಟ್ರು ಅಂದು ಊಟ ಮಾಡಲಿಲ್ಲವೆಂದು ಹಂಪವ್ವ ಹೇಳಿದರು.

ಇದಾದ ಕೆಲವು ದಿನಗಳಿಗೆ ಬೆಳಿಗ್ಗೆ ಗೋಡೆಯಾಚೆ ಅಪರೂಪದ ಗದ್ದಲ ಕೇಳಿಸಿತು. ಮೇಷ್ಟ್ರು ದನಿ ಏರಿಸಿದ್ದರು. "ಯಾರು ಇದನ್ನ ಇಲ್ಲಿ ಇಟ್ಟೋರು? ಇದು ನಾನು ಬಿತ್ತಿದ್ದಲ್ಲ." ನಾನು ಹೋಗುವಷ್ಟರಲ್ಲಿ ವಾರದ ಭೇಟಿಗೆ ಬಂದಿದ್ದ ಕೆಂಚಕ್ಕ ಬಾನಿಯ ಬಳಿ ಒದ್ದೆ ಪಾದದಲ್ಲಿ ನಿಂತಿದ್ದಳು. ಮಡಿಯ ಈಶಾನ್ಯದ ಮೂಲೆಯಲ್ಲಿ, ಸಾಲಿಗೆ ಸೇರದ ಒಂದು ಡೊಂಕು ಸಸಿ ಇತ್ತು.

"ನಾನೇ ಇಟ್ಟೀನಿ ಮೇಷ್ಟ್ರೆ. ನಮ್ಮ ಮುದಿ ಗಿಡದ ಬುಡದಾಗೆ ತಾನೇ ಹುಟ್ಟಿತ್ತು. ನಿಮ್ಮ ಮಡಿಯಾಗೆ ಇದ್ರೆ ಅದೂ ಬದುಕ್ತೈತೆ ಅಂತ, ಮಳೆಗಾಲದಾಗೆ, ನೀವು ಕಾಲೇಜಿಗೆ ಹೋದಾಗ..."

"ಮಣ್ಣು ಸಮೇತ?"

"ಬೇರಿಂದ ಮಣ್ಣು ಬಿಡಿಸಿದ್ರೆ ಸಾಯ್ತೈತಲ್ರಿ." ಆಕೆ ಅಂಜುತ್ತಲೇ ಸೇರಿಸಿದಳು: "ಕಾಲು ಮಾತ್ರ ತೊಳ್ಕೊಂಡೇ ಬಂದಿದ್ದೆ, ನಿಮ್ಮಾಣೆ."

ಹಂಪವ್ವ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡರು. ಕಾಲಿನ ಧೂಳನ್ನು ತೊಳೆದು, ಕೈಯಲ್ಲಿ ಮುಷ್ಟಿ ಗಾತ್ರದ ಹಸಿ ಮಣ್ಣಿನ ಹೆಂಟೆಯನ್ನೇ ಹಿಡಿದು ಆಕೆ ಆ ಸುಣ್ಣದ ಗೆರೆ ದಾಟಿದ್ದಳು. ಮೇಷ್ಟ್ರು ಇನ್ನೇನು ಆ ಸಸಿಯನ್ನು ಕಿತ್ತೆಸೆಯುವರೆಂದು ನಾನು ಕಾದೆ. ಅವರು ಬಾಗಿದರು, ಚಾಚಿದ ಕೈ ಅಲ್ಲಿಯೇ ನಿಂತಿತು. ಆಮೇಲೆ, ಹಿಂದಿನ ದಿನವಷ್ಟೇ ಹಂಡೆಯಲ್ಲಿ ಕುದಿದು ಒಣಗಿದ್ದ ಕೋಟಿನೊಂದಿಗೆ, ಒದ್ದೆ ನೆಲದ ಮೇಲೆ ಕುಳಿತೇಬಿಟ್ಟರು.

ಆ ಡೊಂಕು ಸಸಿಯ ಸುತ್ತಲಿನ ಸಸಿಗಳು ಹಸಿರಾಗಿದ್ದವು. ಅದಕ್ಕೆ ಒತ್ತಿಕೊಂಡಿದ್ದವು ಮಿಕ್ಕವುಗಳಿಗಿಂತ ಎತ್ತರವಾಗಿ ಹೊಸ ಕುಡಿ ಬಿಟ್ಟಿದ್ದವು; ಅವುಗಳಾಚೆಯವು ಕೊಂಚ ಗಿಡ್ಡ; ಅವುಗಳಾಚೆ ಮತ್ತದೇ ಕಂಚು. ನೀರಿಗೆ ಕಲ್ಲೆಸೆದಾಗ ಅಲೆ ಹರಡುವಂತೆ ಆ ಮೂಲೆಯಿಂದ ಏನೋ ಒಂದು ಮಣ್ಣಿನೊಳಗೆ ಮೆಲ್ಲಗೆ ಹರಡುತ್ತ ಬಂದಿತ್ತು. ನಾವೆಲ್ಲ ದಿನವೂ ಆ ಮಡಿಯನ್ನು ನೋಡಿದವರೇ. ಆದರೆ ಕೋಪದ ನಡುವೆ, ತಮ್ಮ ನಿಯಮ ಮುರಿದದ್ದರ ಎದುರಿಗೆ, ಆ ಮುರಿತದಿಂದಲೇ ಹೊರಟ ಹಸಿರನ್ನು ಕಾಣುವ ಕಣ್ಣು ಅವರದು.

ಅದೇ ದಿನ ಅವರು ಆ ವೃತ್ತದೊಳಗಿನ ಒಂದು ಸಸಿಯನ್ನೂ ನಡುಮಡಿಯ ಒಂದು ಸಸಿಯನ್ನೂ ಕಿತ್ತು, ಬೇರು ತೊಳೆದು, ಕಾಲೇಜಿಗೆ ಒಯ್ದರು. ಕೆಂಚಕ್ಕನನ್ನೂ ಕರೆದರು. ಬುಟ್ಟಿ ಹೊತ್ತ ಆಕೆ ಪ್ರಯೋಗಶಾಲೆಯ ಬಾಗಿಲಲ್ಲಿ ಹಿಂಜರಿದಾಗ, "ಬರ್ರಿ, ಕೂಡ್ರಿ. ಇದು ನಿಮ್ಮ ಮನೆ ಮಣ್ಣಿನ ಕೆಲಸ" ಎಂದರು. ಕೂದಲೆಳೆಯಂಥ ಬೇರುಗಳನ್ನು ಕ್ಷಾರದಲ್ಲಿ ಬೇಯಿಸಿ, ನೀಲಿ ಬಣ್ಣ ಹಿಡಿಸಿ, ಗಾಜಿನ ಪಟ್ಟಿಯ ಮೇಲಿಟ್ಟು ಅವರು ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟರು. ಬಹಳ ಹೊತ್ತು ತಲೆ ಎತ್ತಲಿಲ್ಲ. ಎತ್ತಿದಾಗ ನನಗೆ ಸ್ಥಳ ಬಿಟ್ಟರು.

ನಾನು ಅರಮನೆಗಳ, ಕೋಟೆಗಳ ಇತಿಹಾಸ ಓದಿದವನು. ಅದಕ್ಕೆ ಸಮನಾದ ಶಿಲ್ಪವನ್ನು ಎಲ್ಲಿಯೂ ಕಂಡಿರಲಿಲ್ಲ. ಬೇರೆಂದರೆ ಸಾಲುಸಾಲು ಕೋಣೆಗಳ ಉದ್ದನೆಯ ಕಟ್ಟಡ. ಕೋಣೆಕೋಣೆಯ ಒಳಗೂ ಒಂದೊಂದು ನೀಲಿ ವೃಕ್ಷ. ಅದಕ್ಕೆ ಕಾಂಡ, ಕೊಂಬೆ, ಕೊಂಬೆಯ ತುದಿಗೆ ಮತ್ತೆ ಕೊಂಬೆ. ಗಿಡದ ಬೇರಿನೊಳಗೆ ಕಣ್ಣಿಗೆ ಕಾಣದ ಮತ್ತೊಂದು ಅರಣ್ಯ. ಅಲ್ಲಿಂದ ಹೊರಟ ನವಿರಾದ ಎಳೆಗಳು ಬೇರಿನ ಗೋಡೆ ದಾಟಿ, ಬೇರು ಎಂದೂ ತಲುಪಲಾರದ ದೂರಕ್ಕೆ ಚಾಚಿದ್ದವು. ಇನ್ನೊಂದು ಪಟ್ಟಿಯಲ್ಲಿ, ಕಂಚು ಹಿಡಿದ ಸಸಿಯ ಬೇರಿನಲ್ಲಿ, ಕೋಣೆಗಳೆಲ್ಲ ತೊಳೆದಿಟ್ಟಂತೆ ಶುಭ್ರವಾಗಿ ಖಾಲಿ ಬಿದ್ದಿದ್ದವು.

"ಪರದೇಶದ ಪೈನ್ ಮರಕ್ಕೆ ಇಂಥ ಶಿಲೀಂಧ್ರ ಇರ್ತೈತೆ ಅಂತ ಓದಿದ್ದೆ. ನಮ್ಮ ನಿಂಬೇ ಗಿಡದಾಗೆ ಹುಡುಕೋ ಬುದ್ಧಿ ಬರಲಿಲ್ಲ" ಎಂದರು ಮೇಷ್ಟ್ರು. "ಮಣ್ಣಾಗೆ ರಂಜಕ ಇದ್ರೂ ಬೇರಿಗೆ ಎಟಕಂಗಿಲ್ಲ. ತಂದುಕೊಡೋರು ಇವರು. ನಾನು ರೋಗ ಕೊಂದೆ. ಜತೆಗೆ ಇವರನ್ನೂ ಕೊಂದೆ." ಶಿಲೀಂಧ್ರವನ್ನು ಅವರು 'ಇವರು' ಎಂದದ್ದು ನನ್ನ ಕಿವಿಯಲ್ಲಿ ಉಳಿಯಿತು.

ಕೆಂಚಕ್ಕ ಎರಡೂ ಕಣ್ಣು ಮುಚ್ಚಿ ಬಾಗಿದ್ದಳು. "ಏನೂ ಕಾಣಂಗಿಲ್ಲ ನೋಡ್ರಿ."

"ಒಂದು ಕಣ್ಣು ತೆರೀರಿ."

"ಆಂ. ಹಿಂಜಿದ ಅರಳೆ ಇದ್ದಂಗೈತೆ. ಏನಿದು?"

"ಬೂಷ್ಟು."

"ಬೂಷ್ಟಾ? ಉಪ್ಪಿನಕಾಯಿಗೆ ಇದು ಹತ್ತಿದ್ರೆ ನಮ್ಮತ್ತೆ ನನ್ನ ಬೈತಿದ್ರು."

"ಇದು ಹತ್ತದಿದ್ದಕ್ಕೆ ಗಿಡ ನನ್ನ ಬೈಯಾಕತ್ತೈತೆ."

"ಹಂಗಾದ್ರೆ ಮೈಲಿಗೆ ಒಳ್ಳೇದು ಅಂದಂಗಾತು?" ಆಕೆಯ ದನಿಯಲ್ಲಿ ಗೆಲುವು ಮೂಡಿತ್ತು.

"ಎಲ್ಲಾ ಮೈಲಿಗೆ ಅಲ್ರಿ. ನಿಮ್ಮ ಮುದಿ ಗಿಡದ ಬುಡದ್ದು" ಎಂದು ಮೇಷ್ಟ್ರು ತಿದ್ದಿದರು. ಸೋತು ಬೀಳುವಾಗಲೂ ಅಗತ್ಯಕ್ಕಿಂತ ಒಂದು ಗೇಣು ಹೆಚ್ಚು ಬೀಳದ ಎಚ್ಚರ ಅದು.

ಮುಂಗಾರಿಗೆ ಉಳಿದಿದ್ದ ಕಾಲ ಸ್ವಲ್ಪ. ಪ್ರತಿಯೊಂದು ದಿನವೂ ಸಸಿಗಳಿಗೆ ಬೇಕಾಗಿತ್ತು. ಆದ್ದರಿಂದ ಮೇಷ್ಟ್ರು ಕಾಲೇಜಿನಿಂದ ನೇರವಾಗಿ ಕೆಂಚಕ್ಕನ ಹಿಂದೆ ಆವರಗೆರೆಗೆ ಹೊರಟರು, ನಾನೂ ಹೋದೆ. ತಲುಪಿದಾಗ ಹೊತ್ತು ಮುಳುಗಿತ್ತು. ಕೆಂಚಕ್ಕ ಒಳಗೆ ಹೋಗಿ ದೀಪ ಹಚ್ಚಿ ಹೊರಗೆ ಬಂದಳು. ಜಗುಲಿಯ ಮೇಲೆ ಬೊಮ್ಮಣ್ಣನೂ ನೆರೆಯ ನಾಲ್ಕಾರು ಮಂದಿಯೂ ಕುಳಿತಿದ್ದರು.

"ಏನ್ ಮೇಷ್ಟ್ರೆ, ನಮ್ಮೂರ ಮಣ್ಣೇ ಬೇಕಾತಾ? ನಿಮ್ದು ಸೀದು ಹೋತಾ?" ಎಂದ ಬೊಮ್ಮಣ್ಣ.

"ಸೀದು ಹೋತು ಬೊಮ್ಮಣ್ಣೋರೆ. ಸೀದಿಸಿದೋನು ನಾನೇ."

ಮೇಷ್ಟ್ರು ಕೆಂಚಕ್ಕನ ಕಡೆ ತಿರುಗಿದರು. "ಹಾಲು ಕಾಯಿಸಿದೆ, ಹೆಪ್ಪು ಹಾಕೋದು ಮರೆತೆ, ಆಗಿರೋದು ಅಷ್ಟೇ. ನಿಮ್ಮ ಗಿಡದ ಬುಡದಿಂದ ಒಂದು ಬುಟ್ಟಿ ಹೆಪ್ಪು ಕೊಡ್ರಿ."

ಗುದ್ದಲಿಗೆ ಕೈ ಹಾಕಿದ್ದ ಕೆಂಚಕ್ಕ ಕೈ ಹಿಂದಕ್ಕೆ ತೆಗೆದಳು. "ದೀಪ ಹಚ್ಚಿದ ಮ್ಯಾಲೆ ಹೆಪ್ಪು ಕೊಡಂಗಿಲ್ಲ ಮೇಷ್ಟ್ರೆ."

ಜಗುಲಿ ನಕ್ಕಿತು. "ಅತ್ತಿಗೆ, ಅದು ಮಣ್ಣು ಕಣವ್ವಾ" ಎಂದ ಬೊಮ್ಮಣ್ಣ.

"ಮಣ್ಣು ಅಂದಿದ್ರೆ ಕೊಡ್ತಿದ್ದೆ. ಅವರು ಹೆಪ್ಪು ಅಂದ್ರು. ಓದಿದೋರು ಸುಮ್ನೆ ಅಂತಾರಾ?" ಸಂಜೆ ಮನೆಯಿಂದ ಹೆಪ್ಪು ಹೊರಗೆ ಹೋದರೆ ಹಾಲುಹೈನು, ಏಳಿಗೆ ಎಲ್ಲವೂ ಅದರ ಹಿಂದೆ ಹೋಗುವುದೆಂಬುದು ನಮ್ಮ ಸೀಮೆಯ ಯಾವ ಮನೆಗೂ ಹೊಸತಲ್ಲ. ತನ್ನ ಹೊಲವೇ ಪಣಕ್ಕಿದ್ದಾಗಲೂ ಆಕೆ ಅದನ್ನು ಮೀರಲೊಪ್ಪಲಿಲ್ಲ. ಹೊಲ ಪಣಕ್ಕಿದ್ದುದರಿಂದಲೇ ಮೀರಲೊಪ್ಪಲಿಲ್ಲ ಎನ್ನುವುದು ಹೆಚ್ಚು ಸರಿ.

ಇಂಥ ನಂಬಿಕೆಗಳನ್ನು ತರಗತಿಯಲ್ಲಿ ನಿರ್ದಾಕ್ಷಿಣ್ಯವಾಗಿ ಹರಿದು ಹಾಕುತ್ತಿದ್ದ ಮೇಷ್ಟ್ರು, "ಸರಿ. ಬೆಳಿಗ್ಗೆ ಬರ್ತೀನಿ" ಎಂದರು.

ಹಿಂದಿರುಗುವ ದಾರಿಯಲ್ಲಿ ನಾನು, ಬರೀ ಮಣ್ಣೆಂದು ಹೇಳಿ ತರಬಹುದಿತ್ತಲ್ಲ ಎಂದೆ. ಅವರು ಬೆನ್ನ ಹಿಂದೆ ಕೈ ಕಟ್ಟಿ ನಡೆಯುತ್ತಲೇ, "ಅದರಾಗೆ ಜೀವ ಐತೆ ಅಂತ ಹೇಳಿದೋನು ನಾನು. ಆಕೆ ನಂಬಿದಳು. ಈಗ ಬರೀ ಮಣ್ಣು ಅಂದ್ರೆ ಯಾವ ಮಾತು ಸುಳ್ಳಾಗ್ತೈತೆ ನೋಡ್ರಿ" ಎಂದರು.

ಮರುದಿನ ಸೂರ್ಯೋದಯಕ್ಕೆ ಕೆಂಚಕ್ಕ ಮಿಂದು, ಬುಟ್ಟಿಯಲ್ಲಿ ಬುಡದ ಮಣ್ಣು ತುಂಬಿ, ಹಾಲಿನ ಪಾತ್ರೆಗೆ ಮುಚ್ಚುವಂತೆ ಬಿಳಿಯ ಬಟ್ಟೆ ಮುಚ್ಚಿ ಕಾದಿದ್ದಳು. ಮೇಷ್ಟ್ರು ಅದನ್ನು ಬರಿಗೈಯಲ್ಲಿ ಹಿಡಿದು ತಂದು, ಮಡಿಯ ಉದ್ದಕ್ಕೂ ಮೊಣಕಾಲೂರಿ, ಸಸಿಸಸಿಯ ಬುಡದಲ್ಲಿ ಬೆರಳಿನಿಂದ ತೂತು ಮಾಡಿ ಒಂದೊಂದು ಚಿಟಿಕೆ ಇಡುತ್ತ ಹೋದರು. "ಇಷ್ಟು ವರ್ಷ ಸಂಸಾರ ಮಾಡೀನಿ, ಇವರ ಉಗುರಾಗೆ ಮಣ್ಣು ಕಂಡಿದ್ದು ಇವತ್ತೇ" ಎಂದು ಹಂಪವ್ವ ಮೆಲುದನಿಯಲ್ಲಿ ಹೇಳಿದರು. ಆ ದನಿಯಲ್ಲಿ ಹಾಸ್ಯವಿರಲಿಲ್ಲ.

ಹಸಿರು ಕೂಡಲೇ ಮರಳಲಿಲ್ಲ. ಯುಗಾದಿಯ ಹೊತ್ತಿಗೆ ಕೆಲವು ಸಸಿಗಳ ತುದಿ ಮಿಂಚಿತು. ವೈಶಾಖದ ಬಿಸಿಲಿನಲ್ಲಿ ಒಂದರ ಹಿಂದೊಂದು ಸಾಲು ಕಣ್ಣು ಬಿಟ್ಟಿತು. ಆದರೆ ಎಲ್ಲವೂ ಅಲ್ಲ. ಹೆಪ್ಪು ತಡವಾಗಿ ಬಿದ್ದ ಮಡಿಯಲ್ಲಿ ಅರೆಪಾಲು ಸಸಿಗಳು ನೆಡಲು ಯೋಗ್ಯವಾದವು, ಮಿಕ್ಕವು ಗಿಡ್ಡಾಗಿಯೇ ಉಳಿದವು. ಮೊದಲ ಮಳೆ ಬಿದ್ದು ನೆಡುವ ದಿನ ಬಂದಾಗ ಬಾವಿಯ ಮೇಲ್ಭಾಗದ ಗುಂಡಿಗಳೆಲ್ಲ ತುಂಬಿದವು. ಕೆಳಭಾಗದವು ಮಳೆನೀರು ತುಂಬಿಕೊಂಡು ಬಾಯಿ ತೆರೆದು ಬಿದ್ದಿದ್ದವು. ಹೊಲದ ಬದುವಿನ ಮೇಲೆ ಬೊಮ್ಮಣ್ಣ ಎತ್ತು ಕೂರಿಗೆಯೊಂದಿಗೆ ಬಂದು ನಿಂತಿದ್ದ. ಅಂದು ಮಾತು ಕಟ್ಟುವಾಗ ಇದ್ದ ಹಿರಿಯರೂ ಇದ್ದರು. ಕೆಂಚಕ್ಕ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಖಾಲಿ ಗುಂಡಿಗಳ ಎದುರಿಗೆ ಅಡ್ಡಲಾಗಿ ನಿಂತಿದ್ದಳು. ಅರ್ಧ ತೋಟ ತೋಟವೋ ಅಲ್ಲವೋ ಎಂಬುದು ಯಾರೂ ಮೊದಲೇ ಯೋಚಿಸಿರದ ಪ್ರಶ್ನೆ.

ಮೇಷ್ಟ್ರು ಕೆಸರಿನಲ್ಲಿ ಕಾಲಿಡುತ್ತ ಅವರಿಬ್ಬರ ನಡುವೆ ಬಂದರು. "ಸಸಿ ಕೊಡ್ತೀನಿ ಅಂತ ಒಪ್ಪಿಕೊಂಡೋನು ನಾನು, ಕೆಡಿಸಿದೋನೂ ನಾನು. ಈ ಖಾಲಿ ಗುಂಡಿಗಳು ಆಕೇವಲ್ಲ, ನನ್ನವು. ಇವನ್ನ ಆಕೆ ಲೆಕ್ಕಕ್ಕೆ ಹಿಡೀಬ್ಯಾಡ್ರಿ ಬೊಮ್ಮಣ್ಣೋರೆ" ಎಂದರು.

ಬೊಮ್ಮಣ್ಣ ಬದುವಿನಿಂದ ಇಳಿದು, ನೆಟ್ಟ ಸಸಿಯೊಂದರ ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕುಳಿತು, ಎಲೆಯನ್ನು ಹೊಸಕಿ ಮೂಸಿದ. ಆಮೇಲೆ ಹಿರಿಯರ ಕಡೆ ನೋಡಿ, ಮುಖ ಗಂಟಿಕ್ಕಿಕೊಂಡೇ ಹೇಳಿದ: "ಮೂರು ಮುಂಗಾರು ಅಂದಿದ್ದೆ. ಅದರಾಗೆ ಒಂದನ್ನ ಮೇಷ್ಟ್ರು ಬೇಯಿಸಿ ತಿಂದ್ರು ಅಂತ ಅವರೇ ಅಂತಾರೆ. ಹಂಗಾದ್ರೆ ಅತ್ತಿಗೇದು ಇನ್ನೊಂದು ಉಳೀತಲ್ಲ." ಎತ್ತುಗಳನ್ನು ತಿರುಗಿಸಿಕೊಂಡು ಅವನು ತನ್ನ ಹೊಲದತ್ತ ಹೋದ. ಕೆಂಚಕ್ಕ ಅಡ್ಡ ನಿಂತಲ್ಲಿಂದ ಆಗ ಮಾತ್ರ ಅಲುಗಿದಳು.

ಆ ಹೊಲದಲ್ಲಿ ಈಗ ಮೇಲೂ ಕೆಳಗೂ ನಿಂಬೆಯ ಗಿಡಗಳಿವೆ. ಮೇಷ್ಟ್ರು ನಿವೃತ್ತರಾಗಿ ಹರಿಹರದಲ್ಲಿದ್ದಾರೆ. ಅವರನ್ನು ನೆನೆದಾಗಲೆಲ್ಲ ನನಗೆ ತೋರುವುದಿಷ್ಟು: ತಪ್ಪನ್ನು ಒಪ್ಪಿ ಹಗುರಾಗುವ ಸಜ್ಜನರನ್ನು ನಾನು ಬಹಳ ಕಂಡಿದ್ದೇನೆ, ಅವರ ಒಪ್ಪಿಗೆ ಮುಗಿದ ಮೇಲೂ ಆ ತಪ್ಪಿನ ನಷ್ಟವನ್ನು ಬೇರೆ ಯಾರೋ ಹೊರುತ್ತಲೇ ಇರುತ್ತಾರೆ. ಇನ್ನು ಕೆಲವರಿದ್ದಾರೆ, ಬಹಳ ಕಡಿಮೆ ಮಂದಿ. ತಮ್ಮ ಬಾಳನ್ನೇ ಎತ್ತಿ ಹಿಡಿದ ನಂಬಿಕೆ ಎಲ್ಲಿಯವರೆಗೆ ಸಲ್ಲುತ್ತದೆ, ಎಲ್ಲಿಂದಾಚೆ ಸಲ್ಲುವುದಿಲ್ಲ ಎಂಬ ಗಡಿ ಕಂಡ ದಿನ ಅವರು ನಂಬಿಕೆಯನ್ನು ಶಪಿಸುವುದಿಲ್ಲ, ಗಡಿಯನ್ನು ಅಲ್ಲಗಳೆಯುವುದೂ ಇಲ್ಲ. ನೆರೆದವರ ಎದುರಿಗೆ ಹೋಗಿ ಇನ್ನೊಬ್ಬರ ಖಾಲಿ ಗುಂಡಿಗಳ ಮುಂದೆ ನಿಂತು, ಇವು ನನ್ನವು ಎನ್ನುತ್ತಾರೆ.